ಎಷ್ಟು ಬೋರು?

ನಾನು ದೀಪಾವಳಿಯ ಸುರುಸುರುಬತ್ತಿಯನ್ನೂ ತೋಳು ಪೂರ್ತಿ ಚಾಚಿ, ಮುಖ ಆಚೆ ತಿರುಗಿಸಿ ಹಿಡಿಯುವ ಪೈಕಿ. ಲಕ್ಷ್ಮೀ ಪಟಾಕಿ ಎಂದರೆ ನನ್ನ ಜಾಗ ಬಾಗಿಲ ಹಿಂದೆ. ಮೈಸೂರಿನಲ್ಲಿ ಹುಟ್ಟಿ ಬೆಳೆದವನಾದರೂ ಜಂಬೂಸವಾರಿಯ ದಿನ 21 ಕುಶಾಲತೋಪು ಹಾರುವ ಹೊತ್ತಿಗೆ ಕಿವಿಯಲ್ಲಿ ಹತ್ತಿ ತುರುಕಿಕೊಂಡು ಅಡುಗೆಮನೆಯಲ್ಲಿ ನಿಂತಿರುತ್ತೇನೆ. ಹಬ್ಬಕ್ಕೆ ಮುಂಚೆ ಆನೆ ಕುದುರೆಗಳಿಗೆ ಫಿರಂಗಿ ಸದ್ದು ಕೇಳಿಸಿ ತಾಲೀಮು ಕೊಡುತ್ತಾರಲ್ಲ, ಅದನ್ನು ನಾಗರಿಕರಿಗೂ ವಿಸ್ತರಿಸಿದ್ದರೆ ಮೊದಲ ಅರ್ಜಿ ನನ್ನದೇ ಇರುತ್ತಿತ್ತು.

ಇಂಥ ನಾನು ಹೋದ ವರ್ಷ ಸೆಪ್ಟೆಂಬರಿನಲ್ಲಿ ಮೂರು ದಿನ ಮಡಿಕೇರಿಯ ಬೀದಿಗಳಲ್ಲಿ, ಅದು ಸಾಲದೆಂದು ಸುತ್ತಲಿನ ಬೆಟ್ಟಗಳಲ್ಲಿ, “ಇಲ್ಲಿ ಕೋವಿ ಅಂಗಡಿ ಎಲ್ಲಿದೆ?” ಎಂದು ಕೇಳಿಕೊಂಡು ಅಲೆದೆ ಎಂದರೆ ನಮ್ಮ ಬೀದಿಯವರು ನಂಬುವುದಿಲ್ಲ. ನಂಬದಿದ್ದರೆ ಒಳ್ಳೆಯದೇ. ನಂಬಿದವರು ಯಾರಾದರೂ ಠಾಣೆಗೆ ಹೋಗಿ ಹೇಳಿದರೆ ಕಷ್ಟ.

ಇದಕ್ಕೆಲ್ಲ ಕಾರಣ ನನ್ನ ಹೆಂಡತಿಯ ಸೋದರಮಾವ. ತೀರ್ಥಹಳ್ಳಿ ಕಡೆ ಅವರದು ಎರಡೆಕರೆ ಅಡಿಕೆ ತೋಟ, ಒಂದು ಹಂಚಿನ ಮನೆ, ಒಂದು ಒಂಟಿ ನಳಿಗೆ ಕೋವಿ. ಕೋವಿಗೆ ಬೆಳೆ ರಕ್ಷಣೆಯ ಪರವಾನಗಿ. ಅದರಿಂದ ಅವರು ಇದುವರೆಗೆ ಏನನ್ನೂ ಕೊಂದಿಲ್ಲ. ಮಂಗಗಳು ಬಂದಾಗ ಆಕಾಶಕ್ಕೆ ಒಂದು ಈಡು ಹಾರಿಸುತ್ತಾರೆ. ಮೊದಲ ವರ್ಷ ಮಂಗಗಳು ಮೂರು ಗುಡ್ಡ ದಾಟಿ ಓಡಿದವಂತೆ, ಎರಡನೆಯ ವರ್ಷ ಬೇಲಿಯವರೆಗೆ. ಈಗ ಸದ್ದಾದರೆ ತಿನ್ನುತ್ತಿರುವ ಬಾಳೆಹಣ್ಣನ್ನು ಎಡಗೈಯಿಂದ ಬಲಗೈಗೆ ಬದಲಾಯಿಸಿಕೊಳ್ಳುತ್ತವೆ, ಅಷ್ಟೆ. ಆದರೂ ಮಾವ ಕೋವಿ ಬಿಟ್ಟಿಲ್ಲ. ಬಿಟ್ಟಿಲ್ಲ ಎಂದರೂ ಪೂರ್ತಿ ನಿಜವಲ್ಲ, ಚುನಾವಣೆ ಘೋಷಣೆಯಾದಾಗಲೆಲ್ಲ ಅದನ್ನು ಒಯ್ದು ಠಾಣೆಗೆ ಒಪ್ಪಿಸಬೇಕು. ಪಂಚಾಯಿತಿ ಆಯಿತು, ವಿಧಾನಸಭೆ ಆಯಿತು, ಲೋಕಸಭೆ ಆಯಿತು, ನಡುವೆ ಉಪಚುನಾವಣೆ ಬಂದರೆ ಅದೂ ಆಯಿತು. “ಬಾಣಂತನಕ್ಕೆ ಹೋದ ಮಗಳಾದರೂ ಐದು ತಿಂಗಳಿಗೆ ಗಂಡನ ಮನೆಗೆ ವಾಪಸು ಬರ್ತಾಳೆ ಮಾರಾಯ್ರೆ, ಈ ಕೋವಿ ಠಾಣೆಯಲ್ಲೇ ಸಂಸಾರ ಹೂಡಿದೆ” ಎನ್ನುತ್ತಾರೆ. ನೀತಿಸಂಹಿತೆ ಜಾರಿಯಾದದ್ದು ತಮಗಿಂತ ಮೊದಲು ಮಂಗಗಳಿಗೆ ಗೊತ್ತಾಗುತ್ತದೆ ಎಂಬುದು ಅವರ ಬಲವಾದ ನಂಬಿಕೆ.

ನಾವು ಮಡಿಕೇರಿಗೆ ಹೊರಟ ಸುದ್ದಿ ಅವರ ಕಿವಿಗೆ ಹೇಗೋ ಬಿತ್ತು. ಫೋನು ಬಂತು. “ಹೇಗೂ ಹೋಗ್ತೀರಲ್ಲ, ಕೋವಿ ನಳಿಗೆ ತಿಕ್ಕುವ ಹಿತ್ತಾಳೆ ಬ್ರಷ್ಷು ಒಂದು, ಹೆಗಲಿಗೆ ಹಾಕುವ ಚರ್ಮದ ಪಟ್ಟಿ ಒಂದು, ತಗೊಂಡು ಬನ್ನಿ. ತೋಟಾ ಗೀಟಾ ಏನೂ ಬೇಡ, ಅದಕ್ಕೆ ಲೈಸೆನ್ಸ್ ಪುಸ್ತಕ ಹಿಡ್ಕೊಂಡು ನಾನೇ ಹೋಗ್ಬೇಕು.” ಇವು ಶಿವಮೊಗ್ಗದಲ್ಲಿ ಸಿಗುವುದಿಲ್ಲವೇ ಎಂದೆ. “ಸಿಗ್ತದೆ. ಪೇಡಾ ಎಲ್ಲ ಊರಲ್ಲೂ ಸಿಗ್ತದೆ. ಆದ್ರೂ ಧಾರವಾಡಕ್ಕೆ ಹೋದವರ ಹತ್ರ ಹೇಳಿ ತರಿಸಲ್ವ? ಹಾಗೆ.” ಇದಕ್ಕೆ ಎದುರು ಹೇಳುವ ತಾಕತ್ತು ನನಗಿರಲಿಲ್ಲ.

ಕೋವಿಯ ಸಹವಾಸ ನನಗೆ ಹೊಸದೇನಲ್ಲ ಎಂದೂ ಹೇಳಬೇಕು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕೆಲಸ ಮಾಡಿದವನು ನಾನು. ಬಾಗಿಲಲ್ಲಿ ಜೋಡು ನಳಿಗೆ ಬಂದೂಕು ಹಿಡಿದ ಗಾರ್ಡ್ ಕೂತಿರುತ್ತಿದ್ದ, ಮಾಜಿ ಸೈನಿಕ. ಆ ಬಂದೂಕಿನ ತುದಿಗೆ ಅವನು ಊಟದ ಚೀಲ ನೇತುಹಾಕುತ್ತಿದ್ದ. ಮಧ್ಯಾಹ್ನದ ಹೊತ್ತಿಗೆ ಅದರಿಂದ ಹೊಮ್ಮುತ್ತಿದ್ದ ವಾಸನೆ ಮದ್ದಿನದಲ್ಲ, ಬೆಳ್ಳುಳ್ಳಿ ಚಟ್ನಿಯದು. ನನಗೆ ತಿಳಿದಂತೆ ಅದು ಒಮ್ಮೆಯೂ ಸಿಡಿದಿಲ್ಲ. ನಾನು ಮಾತ್ರ ಮೂವತ್ತು ವರ್ಷವೂ ಅದರ ಬಾಯಿ ಯಾವ ದಿಕ್ಕಿಗಿದೆ ಎಂದು ನೋಡಿಕೊಂಡೇ ಒಳಗೆ ಕಾಲಿಡುತ್ತಿದ್ದೆ.

ಮೈಸೂರಿನಿಂದ ಮಡಿಕೇರಿಗೆ ಸುಮಾರು 120 ಕಿಲೋಮೀಟರ್. ಹೊರಡುವ ಮುಂಚೆ ನಮ್ಮೂರಲ್ಲೇ ಒಂದು ಪ್ರಯತ್ನ ಮಾಡೋಣ ಎನ್ನಿಸಿತು. ಅರಮನೆಯ ಪಕ್ಕ ಗನ್ ಹೌಸ್ ಎಂಬ ಹೆಸರಿನ ವೃತ್ತವೇ ಇದೆ. ಹೆಸರು ನೋಡಿದರೆ ಮದ್ದುಗುಂಡಿನ ಉಗ್ರಾಣ. ಆದರೆ ಅಲ್ಲಿ ಸುಲಭವಾಗಿ ಸಿಗುವುದು ನಂಜನಗೂಡಿನ ಕಡೆಯ ವಾಹನ ದಟ್ಟಣೆ ಮಾತ್ರ. ಸುಮ್ಮನೆ ಹುಣಸೂರು ರಸ್ತೆ ಹಿಡಿದೆ. ಹುಣಸೂರು, ಪಿರಿಯಾಪಟ್ಟಣದ ಆಸುಪಾಸು ತಂಬಾಕಿನ ಬ್ಯಾರನ್ನುಗಳು. ಬೈಲುಕುಪ್ಪೆಯಲ್ಲಿ ಟಿಬೆಟನ್ನರ ಬಣ್ಣದ ಬಾವುಟಗಳು. ಆಮೇಲೆ ಕಾವೇರಿ ದಾಟಿದರೆ ಕುಶಾಲನಗರ. ಬ್ರಿಟಿಷರು ಫ್ರೇಜರ್‌ಪೇಟೆ ಎಂದು ಕರೆದ ಊರು ಇದೇ. ಕುಶಾಲತೋಪಿಗೆ ಹೆದರುವವನು ಕುಶಾಲನಗರದ ಮೇಲೆ ಹಾದು ಕೋವಿ ಅಂಗಡಿಗೆ ಹೊರಟಿದ್ದು ನೆನೆದು ನನಗೇ ನಗು ಬಂತು. ಊರು ದಾಟಿದ ಮೇಲೆ ಆನೆಕಾಡಿನ ತೇಗದ ಮರಗಳು. ನಮ್ಮ ಭಾಷೆಯಲ್ಲಿ ಫಿರಂಗಿಯೂ ತೋಪು, ಮರಗಳ ಗುಂಪೂ ತೋಪು. ನನಗೆ ಎರಡನೆಯದೇ ಸಾಕು, ಅದರಲ್ಲಿ ಹಕ್ಕಿಯದೊಂದೇ ಸದ್ದು.

ಮಡಿಕೇರಿಯಲ್ಲಿ ನಾವು ಇಳಿದದ್ದು ನಿವೃತ್ತ ಸುಬೇದಾರರೊಬ್ಬರ ಮನೆಯ ಹೋಮ್‌ಸ್ಟೇಯಲ್ಲಿ. ಎತ್ತರದ ಆಳು, ಬಿಳಿ ಮೀಸೆ, ಬೆಳಿಗ್ಗೆ ಆರಕ್ಕೆ ಗುಲಾಬಿ ಗಿಡಗಳನ್ನು ಸಾಲಾಗಿ ನಿಲ್ಲಿಸಿ ಕವಾಯತು ಮಾಡಿಸುವವರಂತೆ ನೀರು ಹಾಕುತ್ತಿದ್ದರು. ಅವರನ್ನೇ ಕೇಳಬಹುದಿತ್ತು. ಕೇಳಲಿಲ್ಲ. ಬಂದ ಮೊದಲ ದಿನವೇ ಅಪರಿಚಿತರ ಮನೆಯಲ್ಲಿ ಕಾಫಿ ಹೀರುತ್ತ “ಕೋವಿ ಅಂಗಡಿ ಎಲ್ಲಿ ಸಾರ್?” ಎಂದರೆ ಅವರು ನಮ್ಮ ದಾಂಪತ್ಯದ ಬಗ್ಗೆ ಏನಂದುಕೊಂಡಾರು? ಫೋನಿದೆಯಲ್ಲ, ಅದನ್ನು ಕೇಳಿದರಾಯಿತು ಎಂದುಕೊಂಡೆ.

ಫೋನಿನಲ್ಲಿ ‘ಗನ್’ ಎಂದು ಒತ್ತುತ್ತಿದ್ದ ಹಾಗೇ ಅದು ಮುಂದಿನ ಅಕ್ಷರಗಳನ್ನು ತಾನೇ ಊಹಿಸಿ ಏನೋ ತೋರಿಸಿತು. ಕನ್ನಡಕ ಒಳಗಿತ್ತು. ಸರಿ ಎಂದು ಒತ್ತಿದೆ. ಸುಂಟಿಕೊಪ್ಪದ ದಾರಿ ತೋರಿಸಿ, ಹೆದ್ದಾರಿಯಿಂದ ಎಡಕ್ಕೆ ಎಳೆದು, ಕಾಫಿ ತೋಟಗಳ ನಡುವಿನ ಒಂದು ಓಣಿಗೆ ತಂದು ನಿಲ್ಲಿಸಿತು. ಎದುರಿಗೊಂದು ಗೋದಾಮು. ಒಳಗೆ ಸೂರಿನ ತನಕ ಗೋಣಿಚೀಲ. ಹೌದು, ಗನ್ನಿ ಬ್ಯಾಗಿನ ವ್ಯಾಪಾರ! ತಪ್ಪು ಫೋನಿನದಲ್ಲ. ನಮ್ಮ ‘ಗೋಣಿ’ಯನ್ನು ಹೊತ್ತುಕೊಂಡು ಹೋಗಿ ‘ಗನ್ನಿ’ ಮಾಡಿದ ಇಂಗ್ಲಿಷರದು. ಗೋಣಿ ಎಂದೇ ಇಟ್ಟುಕೊಂಡಿದ್ದರೆ ನನಗೆ ಹದಿನೈದು ಕಿಲೋಮೀಟರ್ ಪೆಟ್ರೋಲು ಉಳಿಯುತ್ತಿತ್ತು. ಅಲ್ಲಿದ್ದವರು “ಎಷ್ಟು ಬೇಕಿತ್ತು?” ಎಂದು ವಿಶ್ವಾಸದಿಂದ ಕೇಳಿದರು. ಬಂದ ತಪ್ಪಿಗೆ ಎರಡು ಕೊಂಡೆ.

ತಿರುಗಿ ಬರುವಾಗ ಎದುರಿಗೆ ಒಂದು ಜೀಪು. ಓಣಿ ಎಷ್ಟು ಅಗಲವೆಂದರೆ ಒಂದು ಜೀಪು ಮತ್ತು ಒಂದು ಸೌಜನ್ಯ ಮಾತ್ರ ಹಿಡಿಸುವಷ್ಟು. ಯಾರಾದರೊಬ್ಬರು ಹಿಂದಕ್ಕೆ ಹೋಗಬೇಕು. ನನಗೆ ಹಿಂದಕ್ಕೆ ಗಾಡಿ ಓಡಿಸುವುದು ಬರುವುದಿಲ್ಲ. ನಲವತ್ತು ವರ್ಷದಿಂದ ಲೈಸೆನ್ಸ್ ಇದೆ, ಆದರೆ ಅದು ಮುಂದಕ್ಕೆ ಮಾತ್ರ ಎಂಬುದು ಹೆಂಡತಿಯ ವ್ಯಾಖ್ಯಾನ. ಧೈರ್ಯ ಮಾಡಿ ಹಿಂದಕ್ಕೆ ಬಿಟ್ಟೆ. ಹಿಂದಿನ ಎಡಚಕ್ರ ಚರಂಡಿಗೆ ಇಳಿದು, ಕಾರು ನಾಯಿ ಕಾಲೆತ್ತಿದ ಭಂಗಿಯಲ್ಲಿ ನಿಂತಿತು. ಜೀಪಿನ ಹುಡುಗ, ತೋಟದಲ್ಲಿ ಕಳೆ ತೆಗೆಯುತ್ತಿದ್ದ ಮೂವರು ಹೆಂಗಸರು, ಎಲ್ಲರೂ ಬಂದು ಎತ್ತಿ ಇಟ್ಟರು. ಚಕ್ರದ ಕೆಳಗೆ ಹಾಸಲು ಗೋಣಿಚೀಲ ಬೇಕಾಯಿತು. ನಮ್ಮಲ್ಲಿ ಎರಡು ಇದ್ದವು! ದೇವರು ದೊಡ್ಡವನು.

ಅವತ್ತು ಸಂಜೆ ಬಸ್ ನಿಲ್ದಾಣದ ಬಳಿ ಒಬ್ಬ ಆಟೋದವನನ್ನು ಕೇಳಿದೆ. ಕೋವಿ ಎಂದರೆ ಗಾಬರಿಯಾದಾನೆಂದು ತಗ್ಗಿದ ದನಿಯಲ್ಲಿ, “ಇಲ್ಲಿ ಗುಂಡು ಎಲ್ಲಿ ಸಿಗುತ್ತಪ್ಪಾ?” ಎಂದೆ. ಅವನು ನನ್ನ ನರೆತ ತಲೆಯನ್ನೂ ಪಕ್ಕದಲ್ಲಿದ್ದ ಹೆಂಡತಿಯನ್ನೂ ನೋಡಿ, ಅತ್ಯಂತ ಮರ್ಯಾದೆಯಿಂದ, “ಫ್ಯಾಮಿಲಿ ಇದೆಯಲ್ಲ ಸಾರ್, ಹೋಮ್‌ಮೇಡ್ ವೈನ್ ತಗೊಳ್ಳಿ” ಎಂದ. ಮುಂದಿನದನ್ನು ಬೆಳೆಸುವುದಿಲ್ಲ. ಕನ್ನಡಿಗನ ಬಾಯಲ್ಲಿ ಗುಂಡು ಹಾರುವುದಕ್ಕಿಂತ ಇಳಿಯುವುದೇ ಹೆಚ್ಚು ಎಂಬುದನ್ನು ನಾನು ನೆನಪಿಡಬೇಕಿತ್ತು. ದ್ರಾಕ್ಷಿಯದು ಒಂದು ಬಾಟಲಿ ಮನೆಗೆ ಬಂತು.

ಎರಡನೆಯ ದಿನ ಬೆಳಿಗ್ಗೆ ಚಹಾದಂಗಡಿಯಲ್ಲಿ ಒಬ್ಬ ಹಿರಿಯರು ಸಿಕ್ಕಿದರು. ಇವರ ಮುಂದೆ ಬಿಡಿಸಿಯೇ ಹೇಳಿದೆ, ಬ್ರಷ್ಷು, ಪಟ್ಟಿ, ಮಾವ, ಮಂಗ, ಎಲ್ಲ. ಅವರು ಸಾವಧಾನವಾಗಿ ಕೇಳಿ, ಭಾಗಮಂಡಲದ ಕಡೆ ತಮ್ಮ ಪರಿಚಯದವರೊಬ್ಬರಿದ್ದಾರೆ, ಕೋವಿಯ ವಿಷಯ ಅವರಷ್ಟು ತಿಳಿದವರು ಇನ್ನೊಬ್ಬರಿಲ್ಲ, ಅವರನ್ನು ಕೇಳಿದರೆ ಅಂಗಡಿ ಎಲ್ಲಿದೆ ಎಂದು ಹೇಳಿಯಾರು ಎಂದರು. ಅಂಗಡಿ ಎಲ್ಲಿದೆ ಎಂದು ಕೇಳಲು ನಲವತ್ತು ಕಿಲೋಮೀಟರ್ ಹೋಗುವುದು ಬುದ್ಧಿವಂತಿಕೆಯಲ್ಲ ಎಂದು ನನಗೂ ಹೊಳೆದಿತ್ತು. ಆದರೆ ಹೆಂಡತಿ ಆಗಲೇ ಕಾರಿನಲ್ಲಿ ಕೂತು ಬೆಲ್ಟು ಹಾಕಿಕೊಂಡಿದ್ದಳು. ಅವಳಿಗೆ ತಲಕಾವೇರಿ ನೋಡಬೇಕಿತ್ತು.

ಆ ದಾರಿಯನ್ನು ಹೇಗೆ ಹೇಳಲಿ? ಮಳೆ ಆಗತಾನೇ ಹಿಂದೆ ಸರಿದಿತ್ತು. ಪೂರ್ತಿ ಹೋಗಿರಲಿಲ್ಲ, ಹೊಸ್ತಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತ ಇನ್ನೊಂದು ಮಾತಾಡುವ ನೆಂಟರ ಹಾಗೆ ಅಲ್ಲಲ್ಲಿ ನಿಂತಿತ್ತು. ಒಂದು ತಿರುವಿನಲ್ಲಿ ಬಿಸಿಲು, ಇನ್ನೊಂದರಲ್ಲಿ ಮಂಜು, ಮೂರನೆಯದರಲ್ಲಿ ಹನಿ. ಕಾಫಿ ಗಿಡಗಳ ಮೇಲೆ ಸಿಲ್ವರ್ ಓಕ್, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಬಳ್ಳಿಯ ತುದಿಯಲ್ಲಿ ಮೋಡ. ಕಣಿವೆಯಲ್ಲಿ ನಾಟಿ ಮುಗಿದ ಗದ್ದೆಗಳು, ಆಗತಾನೇ ಕ್ಷೌರ ಮಾಡಿಸಿಕೊಂಡು ಎಣ್ಣೆ ಹಚ್ಚಿದ ಮಕ್ಕಳ ತಲೆಯಂತೆ ಸಾಲು ಸಾಲಾಗಿ ಹೊಳೆಯುತ್ತಿದ್ದವು. ಕೈಲ್‌ಪೊಳ್ದ್ ಮುಗಿದು ಎರಡು ವಾರವಾಗಿತ್ತಷ್ಟೆ. ನಾಟಿ ಮುಗಿಸಿ, ನೇಗಿಲು ಕೆಳಗಿಟ್ಟು, ಕೋವಿ ಕತ್ತಿಗಳನ್ನು ದೇವರ ಮುಂದಿಟ್ಟು ಪೂಜೆ ಮಾಡುವ ಹಬ್ಬ ಅದು. ಕೋವಿಯ ಬಾಯಿಗೆ ಕೆಂಪು ಹಳದಿಯ ಗೌರಿ ಹೂ ಸಿಕ್ಕಿಸುತ್ತಾರೆ. ಕೊಡವರು ಆ ಹೂವಿಗೆ ಕೋವಿಯ ಹೆಸರನ್ನೇ ಕೊಟ್ಟಿದ್ದಾರೆ, ತೋಕ್ ಪೂ ಎಂದು. ತೋಕ್ ಎಂದರೆ ಕೋವಿ. ರಸ್ತೆ ಬದಿಯ ಬೇಲಿಯಲ್ಲಿ ಆ ಹೂ ಇನ್ನೂ ಅಲ್ಲಲ್ಲಿ ಉಳಿದಿತ್ತು. ಹೂವಿಗೆ ಕೋವಿಯ ಹೆಸರಿಟ್ಟ ಜನ ಇರುವ ಊರಿನಲ್ಲಿ ಅಂಗಡಿ ಕೇಳಲು ಇಷ್ಟು ನಾಚಿದೆನಲ್ಲ ಎಂದು ಮೊದಲ ಬಾರಿಗೆ ಅನ್ನಿಸಿತು.

ಭಾಗಮಂಡಲದಲ್ಲಿ ವಿಚಾರಿಸಿದರೆ ಆ ಕೋವಿ ತಜ್ಞರು ಮನೆಯಲ್ಲಿರಲಿಲ್ಲ. ಮಡಿಕೇರಿಗೆ ಹೋಗಿದ್ದರು. ಅದೂ ಎಲ್ಲಿಗೆ ಅಂದುಕೊಂಡಿರಿ? ಕೋವಿ ಅಂಗಡಿಗೆ.

ಹೆಂಡತಿ ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ಅವಳು ಏನಾದರೂ ಅಂದಿದ್ದರೆ ವಾಸಿ. ಸಂಗಮದಲ್ಲಿ ಕಾಲು ತೊಳೆದು, ಮತ್ತೆ ಎಂಟು ಕಿಲೋಮೀಟರ್ ಏರಿ ತಲಕಾವೇರಿಗೆ ಹೋದೆವು. ಮಂಜು ಎಷ್ಟು ದಟ್ಟವಾಗಿತ್ತೆಂದರೆ ನನ್ನ ಕಾರಿನ ಬಾನೆಟ್ಟು ಇನ್ನೊಬ್ಬರದೆಂಬಂತೆ ಕಾಣುತ್ತಿತ್ತು. ದಿನವೂ ಬೆಳಿಗ್ಗೆ ಪತ್ರಿಕೆಯಲ್ಲಿ ಮೊದಲು ಕೆಆರ್‌ಎಸ್ ಮಟ್ಟ ನೋಡಿ, 124.80 ಅಡಿ ಮುಟ್ಟಿದ ದಿನ ಎರಡನೇ ಕಾಫಿ ಕುಡಿಯುವ ಮೈಸೂರಿಗ ನಾನು. ಅಷ್ಟು ನೀರಿಗೆ ತಾಯಿಬೇರು ನಮ್ಮ ಬಚ್ಚಲ ತೊಟ್ಟಿಗಿಂತ ಚಿಕ್ಕದಾದ ಒಂದು ಕುಂಡಿಕೆ. ನಮ್ಮ ಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ, ವಾಷರ್ ಬದಲಾಯಿಸಿ ಎಂದು ಅವಳು ಎರಡು ತಿಂಗಳಿಂದ ಹೇಳುತ್ತಿದ್ದದ್ದು ಅಲ್ಲಿ ನೆನಪಾಗಿ ಕೈಮುಗಿದೆ. ಬ್ರಹ್ಮಗಿರಿ ಹತ್ತುವ ಆಸೆ ನನಗಿತ್ತು, ನನ್ನ ಮಂಡಿಗೆ ಇರಲಿಲ್ಲ.

ಮೂರನೆಯ ದಿನ ಬೆಳಿಗ್ಗೆ “ಅಂಗಡಿ ಹಾಳಾಗಿ ಹೋಗಲಿ” ಎಂದು ಅವಳು ತೀರ್ಪು ಕೊಟ್ಟಳು. ಅಬ್ಬಿ ಜಲಪಾತಕ್ಕೆ ಹೋದೆವು. ಅಬ್ಬಿ ಎಂದರೇ ಜಲಪಾತ, ಆದ್ದರಿಂದ ನಾವು ನೋಡಿದ್ದು ಜಲಪಾತ ಜಲಪಾತ. ಗೇಟು ಮುಚ್ಚಿ ಮತ್ತೊಮ್ಮೆ ಮುಚ್ಚಿದೆನಾ ಎಂದು ನೋಡುವ ನನ್ನ ಸ್ವಭಾವಕ್ಕೆ ಒಪ್ಪುವ ಹೆಸರು. ಕಾಲಿಗೆ ಎರಡು ಜಿಗಣೆ ಹತ್ತಿಕೊಂಡು ಬಂದವು. ಅಲ್ಲಿಂದ ಬಾಡಿಗೆ ಜೀಪಿನಲ್ಲಿ ಮಾಂದಲಪಟ್ಟಿ. 2008ರಲ್ಲಿ ಬಂದ ‘ಗಾಳಿಪಟ’ ಸಿನಿಮಾದ ಮೇಲೆ ಹುಡುಗರ ಬಾಯಲ್ಲಿ ಅದು ಮುಗಿಲುಪೇಟೆ. ರಸ್ತೆಯ ಕೊನೆಯ ಭಾಗವನ್ನು ರಸ್ತೆ ಎನ್ನುವುದು ಬರಿಯ ಔದಾರ್ಯ. ಜೀಪಿನೊಳಗೆ ನಾವು ಡಬ್ಬದಲ್ಲಿ ಹಾಕಿ ಕುಲುಕಿದ ಕಡಲೆಬೀಜ. ತುದಿಯಲ್ಲಿ ಇಳಿದಾಗ ಅಲೆ ಅಲೆಯಾಗಿ ಹಸಿರು ಬೆಟ್ಟಗಳು ಒಂದೇ ಒಂದು ನಿಮಿಷ ಕಂಡವು. ಆಮೇಲೆ ಮುಗಿಲು ಬಂದು ಪರದೆ ಎಳೆಯಿತು. ಅಲ್ಲಿದ್ದ ಐವತ್ತು ಜನರೂ ಒಟ್ಟಿಗೆ “ಓ...” ಎಂದರು, ಕ್ರಿಕೆಟ್ ಮ್ಯಾಚಿನ ನಡುವೆ ಕರೆಂಟು ಹೋದಾಗ ಬೀದಿಯಿಡೀ ಅನ್ನುತ್ತದಲ್ಲ, ಹಾಗೆ.

ಹಿಂದಿರುಗುವಾಗ ಜೀಪಿನ ಹುಡುಗ ದೂರದ ಒಂದು ಇಳಿಜಾರು ತೋರಿಸಿದ. ಸುತ್ತಲೂ ಕಡುಹಸಿರು, ನಡುವೆ ಒಂದು ಪಟ್ಟಿ ಮಾತ್ರ ಎಳೆಹಸಿರು. ಹೊಸ ಹುಲ್ಲು, ಹೊಸ ಗಿಡ. “2018” ಎಂದ, ಅಷ್ಟೆ. ಆ ಆಗಸ್ಟಿನ ಮಳೆಯಲ್ಲಿ ಮಕ್ಕಂದೂರು, ಮೊಣ್ಣಂಗೇರಿ, ಜೋಡುಪಾಲದ ಕಡೆ ಗುಡ್ಡಗಳೇ ಹರಿದು ಬಂದದ್ದು, ಮಂಗಳೂರಿಗೆ ಇಳಿಯುವ ಹೆದ್ದಾರಿ ಕಡಿದುಹೋದದ್ದು ನಾವೆಲ್ಲ ಟಿವಿಯಲ್ಲಿ ನೋಡಿದ್ದೆವು. ಅವನ ಚಿಕ್ಕಪ್ಪನ ತೋಟ ಅಲ್ಲಿತ್ತಂತೆ. ಇತ್ತು ಎಂದನೇ ಹೊರತು ಹೋಯಿತು ಎನ್ನಲಿಲ್ಲ. ಆ ಮೇಲೆ ದಾರಿಯುದ್ದಕ್ಕೂ ನಾನು ಯಾವ ತಮಾಷೆಯನ್ನೂ ಮಾಡಲಿಲ್ಲ. ಚೆಂದದ ರಸ್ತೆ ಎಂದು ನಾವು ಕಾರು ನಿಲ್ಲಿಸಿ ಫೋಟೋ ತೆಗೆಯುವ ತಿರುವುಗಳೇ ಅಲ್ಲಿಯವರಿಗೆ ಮಳೆಗಾಲದಲ್ಲಿ ನಿದ್ದೆ ಕೆಡಿಸುವ ತಿರುವುಗಳು.

ಸಂಜೆ ಸುಬೇದಾರರ ಜಗಲಿಯಲ್ಲಿ ಕೂತಿದ್ದೆವು. ಅವರ ಮನೆಯವರು ಕಡಂಬುಟ್ಟು ಮಾಡಿದ್ದರು. ಅದರ ಜೊತೆಗಾರ ಪಂದಿ ಕರಿ ನಮಗಾಗದು ಎಂದು ಮೊದಲೇ ತಿಳಿದು ಕುಂಬಳಕಾಯಿ ಪಲ್ಯ ಬೇರೆಯೇ ಮಾಡಿದ್ದರು. ಕುಂಬಳಕಾಯಿಯ ಮುಖ ನೋಡಿಯೇ ನನಗೆ ಧೈರ್ಯ ಬಂದಿರಬೇಕು, ಬಾಯಿಬಿಟ್ಟೆ. ಸುಬೇದಾರರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮೀಸೆ ಅಲುಗುವಂತೆ ನಕ್ಕರು.

“ಮೂರು ದಿನದಿಂದ ಹುಡುಕ್ತಾ ಇದ್ದೀರಾ? ಈ ಇಳಿಜಾರು ಇಳಿದು ಬಲಕ್ಕೆ ತಿರುಗಿದರೆ ನಾಲ್ಕನೇ ಅಂಗಡಿ. ದಿನಾ ಅದರ ಮುಂದೆಯೇ ಕಾರು ನಿಲ್ಲಿಸಿ ಬಾಳೆಹಣ್ಣು ತಗೊಳ್ತಿದ್ರಲ್ಲ, ಆ ಗಾಡಿಯ ಹಿಂದೆ.”

ಅವರ ಮನೆಯಲ್ಲೂ ಕೋವಿ ಇತ್ತು. ಮನೆತನದ್ದು. ತೋರಿಸಲೇ ಎಂದರು. ಬೇಡ, ನೀವು ಹೇಳಿದರೆ ಸಾಕು ಎಂದೆ. ಅವರು ಹೇಳಿದ್ದನ್ನು ಕೇಳಿದರೆ ಕೋವಿ ಅವರಲ್ಲಿ ಆಯುಧಕ್ಕಿಂತ ಹೆಚ್ಚಾಗಿ ಊರಿನ ಟಪಾಲು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಎರಡು. ಗುಡ್ಡದಾಚೆಯ ನೆಂಟರು ಸದ್ದು ಎಣಿಸಿ ಯಾವ ಬಟ್ಟೆ ಉಡಬೇಕೆಂದು ತೀರ್ಮಾನಿಸುತ್ತಿದ್ದರು. ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗಲೂ ಒಂದು. ಹೆಣ್ಣುಮಗು ಹುಟ್ಟಿದರೆ ಎಂದು ಹೆಂಡತಿ ಕೇಳಿದಳು. ಸುಬೇದಾರರು ಗುಲಾಬಿ ಗಿಡದ ಕಡೆ ನೋಡಿದರು. ಒಳಗಿನಿಂದ ಅವರ ಮನೆಯವರ ದನಿ ಬಂತು: “ಅದನ್ನು ನಾನೂ ಐವತ್ತು ವರ್ಷದಿಂದ ಕೇಳ್ತಾ ಇದ್ದೇನೆ.”

ಲೈಸೆನ್ಸ್ ವಿಷಯ ಬಂತು. 1857ರ ದಂಗೆಯಾದ ಮೇಲೆ ಬ್ರಿಟಿಷರು ಜನರಿಂದ ಆಯುಧ ಕಿತ್ತುಕೊಳ್ಳುವ ಕಾನೂನು ತಂದಾಗ, 1861ರಲ್ಲಿ ಕೊಡವರನ್ನು ಅದರಿಂದ ಬಿಟ್ಟವನು ಮಾರ್ಕ್ ಕಬ್ಬನ್. ಬೆಂಗಳೂರಿನವರು ಅವನನ್ನು ಪಾರ್ಕು ಮಾಡಿ ಅದರಲ್ಲಿ ವಾಕಿಂಗ್ ಹೋಗುತ್ತಾರೆ. ಕೊಡಗಿನವರಿಗೆ ಅವನ ನೆನಪು ಗೋಡೆಯ ಮೇಲಿದೆ. ಸ್ವಾತಂತ್ರ್ಯ ಬಂದ ಮೇಲಿನ 1959ರ ಆಯುಧ ಕಾಯ್ದೆಯ ಕಾಲದಲ್ಲೂ ಆ ವಿನಾಯಿತಿ ಮುಂದುವರಿಯಿತು. ಕೊಡವರಿಗೆ ಮಾತ್ರವಲ್ಲ, ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಒಡೆತನ ಇರುವವರಿಗೂ ಉಂಟು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು, ಪ್ರಶ್ನಿಸಿ ಹೈಕೋರ್ಟಿಗೆ ಹೋದ ಅರ್ಜಿ 2021ರಲ್ಲಿ ವಜಾ ಆಯಿತು. ಇದನ್ನೆಲ್ಲ ಸುಬೇದಾರರು ತಮ್ಮ ಮೊಮ್ಮಕ್ಕಳ ಮಾರ್ಕ್ಸ್ ಹೇಳಿದ ಹಾಗೆ ತಾರೀಖು ಸಮೇತ ಹೇಳಿದರು. ಇವರು ಲೈಸೆನ್ಸ್ ಇಲ್ಲದೆ ಕೋವಿ ಇಟ್ಟುಕೊಂಡೂ ಯಾರನ್ನೂ ಹೆದರಿಸದವರು. ನಾನು ಲೈಸೆನ್ಸ್ ಇದ್ದೂ ಕಾರು ಹಿಂದಕ್ಕೆ ಬಿಟ್ಟು ಒಂದು ತೋಟವನ್ನೇ ಹೆದರಿಸಿದವನು. ಯಾರ ಪರವಾನಗಿಯನ್ನು ಮರುಪರಿಶೀಲಿಸಬೇಕು ಎಂಬುದನ್ನು ಸರ್ಕಾರ ಯೋಚಿಸಲಿ.

ಊರಿಗೆ ಹೊರಡುವ ದಿನ ಬೆಳಿಗ್ಗೆ ಅಂಗಡಿಗೆ ಹೋದೆ. ಬಾಳೆಹಣ್ಣಿನ ಗಾಡಿಯವನು ಎಂದಿನಂತೆ ಅರ್ಧ ಡಜನ್ ಎಣಿಸಲು ಹೊರಟವನು, ನಾನು ಅವನನ್ನು ಬಳಸಿಕೊಂಡು ಹಿಂದಿನ ಮೆಟ್ಟಿಲು ಹತ್ತಿದ್ದು ನೋಡಿ ಕೈಯಲ್ಲಿದ್ದ ಚಿಪ್ಪು ಹಾಗೇ ಹಿಡಿದು ನಿಂತ. ಒಳಗೆ ಏನೋ ಗುಡುಗು ಮಿಂಚು ಇರುತ್ತದೆಂದು ಎದೆ ಹೊಡೆದುಕೊಳ್ಳುತ್ತಿತ್ತು. ಅಲ್ಲಿದ್ದದ್ದು ಊದುಬತ್ತಿಯ ವಾಸನೆ, ಗೋಡೆಗೆ ಗಣಪತಿ, ಮೇಜಿನ ಮೇಲೊಂದು ದಪ್ಪ ರಿಜಿಸ್ಟರು, ಅದರ ಮೇಲೆ ಮಡಿಸಿಟ್ಟ ಪತ್ರಿಕೆ. ಗಾಜಿನ ಕಪಾಟನ್ನು ಮರೆತರೆ ಥೇಟು ನಮ್ಮ ಬೀದಿಯ ಗಡಿಯಾರ ರಿಪೇರಿ ಅಂಗಡಿ. ಮಾಲೀಕರು ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಪದಬಂಧ ತುಂಬುತ್ತಿದ್ದರು.

ಬ್ರಷ್ಷು ಬೇಕು ಎಂದೆ.

“ಎಷ್ಟು ಬೋರು?” ಎಂದರು ತಲೆ ಎತ್ತದೆ.

“ಬೋರಿಲ್ಲ ಸಾರ್. ಅವರ ತೋಟದಲ್ಲಿ ತೆರೆದ ಬಾವಿ ಇದೆ” ಎಂದೆ.

ಈಗ ತಲೆ ಎತ್ತಿದರು. ನನ್ನ ಕಡೆ ಬಹಳ ಹೊತ್ತು ನೋಡಿದರು. ಅವರದು ತಾಳ್ಮೆಯ ಕಸುಬು. ನಗದೆ, ಮುನಿಯದೆ, ಮೇಷ್ಟರ ಹಾಗೆ ವಿವರಿಸಿದರು. ಕೊಳವೆ ಬಾವಿಯ ಬೋರಲ್ಲ, ನಳಿಗೆಯ ಬಾಯಿಯ ಅಳತೆ. ಆ ಬಾಯಿಗೆ ಸರಿಯಾಗಿ ಕೂರುವ ಸೀಸದ ಗುಂಡುಗಳು ಒಂದು ಪೌಂಡಿಗೆ ಹನ್ನೆರಡು ತೂಗಿದರೆ ಅದು 12 ಬೋರ್, ಹದಿನಾರು ತೂಗಿದರೆ 16 ಬೋರ್. ಅಂದರೆ ಸಂಖ್ಯೆ ದೊಡ್ಡದಾದಷ್ಟೂ ಬಾಯಿ ಚಿಕ್ಕದು. ನನಗೆ ತಟ್ಟನೆ ಅರ್ಥವಾಯಿತು. ಕಿಲೋಗೆ ಹನ್ನೆರಡು ಬರುವ ಈರುಳ್ಳಿ ದಪ್ಪ, ನಲವತ್ತು ಬರುವುದು ಸಾಂಬಾರು ಈರುಳ್ಳಿ. ಬ್ಯಾಂಕಿನವನಾಗಿ ಮೂವತ್ತು ವರ್ಷ ಬಂದೂಕಿನ ಪಕ್ಕದಲ್ಲಿ ಓಡಾಡಿ ಕಲಿಯದ್ದನ್ನು ಮೂರು ನಿಮಿಷದಲ್ಲಿ ಕಲಿತೆ.

ಮಾವನಿಗೆ ಫೋನು ಹಚ್ಚಿದೆ. ಗಾಳಿಯ ಸದ್ದು, ನಾಯಿಯ ಸದ್ದು, ಹಿಂದೆ ಮಂಗಗಳದೇ ಇರಬೇಕು, ಒಂದು ಗಲಾಟೆ. “ಎಷ್ಟು ಬೋರು ಮಾವ?” ಎಂದು ಅಂಗಡಿಯಲ್ಲಿ ಹುಟ್ಟಿದವನ ಹಾಗೆ ಕೇಳಿದೆ. “ಎಂತ? ಬೋರಾ? ಹನ್ನೆರಡೇ ಇರ್ಬೇಕು ಮಾರಾಯ್ರೆ, ಎಲ್ಲರದ್ದೂ ಹನ್ನೆರಡೇ” ಎಂದರು. ಮಾಲೀಕರು 12 ಬೋರಿನ ಬ್ರಷ್ಷು ಕಾಗದದಲ್ಲಿ ಸುತ್ತಿ ಕೊಟ್ಟರು. ಪಟ್ಟಿಯೂ ಸಿಕ್ಕಿತು. ಹೊರಡುವಾಗ, “ನೀವು ಕೋವಿ ಇಟ್ಟುಕೊಂಡಿಲ್ಲ ತಾನೇ?” ಎಂದು ಕೇಳಿ, ಇಲ್ಲ ಎಂದ ಮೇಲೆ ನೆಮ್ಮದಿಯಿಂದ ಪದಬಂಧಕ್ಕೆ ಮರಳಿದರು.

ದೀಪಾವಳಿಗೆ ತೀರ್ಥಹಳ್ಳಿಗೆ ಹೋದಾಗ ಎರಡನ್ನೂ ಮಾವನ ಕೈಗಿಟ್ಟೆ. ಪಟ್ಟಿ ಹಿಡಿಸಿತು. ಬ್ರಷ್ಷನ್ನು ನಳಿಗೆಯ ಬಾಯಿಗಿಟ್ಟು ತಳ್ಳಿದರು, ಒಳಗೆ ಹೋಗಲಿಲ್ಲ. ಮತ್ತೆ ತಳ್ಳಿದರು. ಲೈಸೆನ್ಸ್ ಪುಸ್ತಕ ತೆಗೆದು ನೋಡಿದರೆ ಅದರಲ್ಲಿ ಸ್ಪಷ್ಟವಾಗಿ .410 ಎಂದು ಬರೆದಿತ್ತು. ಅದರ ಬಾಯಿ ಹತ್ತೂವರೆ ಮಿಲಿಮೀಟರಿನಷ್ಟು, ನಾನು ತಂದ ಬ್ರಷ್ಷಿನ ನಳಿಗೆಯದು ಹದಿನೆಂಟೂವರೆ. ಇಷ್ಟು ವರ್ಷ ಅವರು ಅದನ್ನು ಓದಿಯೇ ಇರಲಿಲ್ಲ. ಪಟ್ಟಿ ಹೆಗಲಿಗೆ ಹಾಕಿಕೊಂಡು, ಕೋವಿಯನ್ನು ಗೋಡೆಗೊರಗಿಸಿ, ತೋಟದ ಕಡೆ ಹೋದರು. ಮಂಗಗಳು ಎದ್ದು ನಿಲ್ಲಲಿಲ್ಲ.

ಬ್ರಷ್ಷನ್ನು ಹೆಂಡತಿ ವಾಪಸು ಮೈಸೂರಿಗೆ ತಂದಳು. ನಮ್ಮ ಅಡುಗೆಮನೆ ಸಿಂಕಿನ ಪೈಪಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ನಲ್ಲಿಯ ವಾಷರ್ ಕೂಡ ಬದಲಾಯಿಸಿದ್ದೇನೆ.